ಬೋಧಿಸತ್ವನ ಬೆನ್ನಿನ ಮುಚ್ಚಳ

ಮುಚ್ಚಳದ ಉದ್ದ ಇಪ್ಪತ್ತೊಂದು ಸೆಂಟಿಮೀಟರ್, ಅಗಲ ಹದಿಮೂರು, ದಪ್ಪ ಒಂದೂವರೆ. ನಾಲ್ಕು ಮೂಲೆಗಳಿಗೆ ನಾಲ್ಕು ಬಿದಿರಿನ ಮೊಳೆ ಇರಬೇಕಿತ್ತು. ಮೇಲಿನ ಎಡಗಡೆಯದು ಇರಲಿಲ್ಲ. ಅದರ ತೂತಿಗೆ ಯಾರೋ ಎಂದೋ ಮೇಣ ತುಂಬಿದ್ದರು. ಇಷ್ಟನ್ನು ಮೊದಲ ದಿನವೇ ಬರೆದುಕೊಂಡಿದ್ದೆ. ಮುಚ್ಚಳದ ಹಿಂದೆ ಏನಿದೆ ಎಂಬ ಅಂಕಣದಲ್ಲಿ ‘ತೆರೆದಿಲ್ಲ’ ಎಂದು ನಮೂದಿಸಿ ಮುಂದಿನ ಸಾಲಿಗೆ ಹೋಗಿದ್ದೆ.

ಅದು ಚೀನಾದ ಒಂದು ಮರದ ವಿಗ್ರಹದ ಬೆನ್ನು. ಬಲ ಮೊಣಕಾಲನ್ನು ಮೇಲೆತ್ತಿ, ಅದರ ಮೇಲೆ ಬಲಗೈಯನ್ನು ಸಡಿಲವಾಗಿ ಚಾಚಿ ಕೂತ ಬೋಧಿಸತ್ವ. ಎತ್ತರ ತೊಂಬತ್ತೆರಡು ಸೆಂಟಿಮೀಟರ್. ಮುಖದಲ್ಲಿ ಹಳೆಯ ಚಿನ್ನದ ಲೇಪ ತೇಪೆತೇಪೆಯಾಗಿ ಉಳಿದಿತ್ತು, ವಸ್ತ್ರದ ಮಡಿಕೆಗಳ ಆಳದಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಹಸಿರು. ಇಂಥ ವಿಗ್ರಹಗಳ ಬೆನ್ನನ್ನು ಟೊಳ್ಳು ಮಾಡುತ್ತಿದ್ದರು. ಒಂದು, ಮರ ಬಿರಿಯದಿರಲಿ ಎಂದು. ಇನ್ನೊಂದು, ಪ್ರತಿಷ್ಠೆಯ ದಿನ ಆ ಗೂಡಿನಲ್ಲಿ ಕಾಳು, ರೇಷ್ಮೆಯ ತುಂಡು, ಬರೆದ ಕಾಗದ ಇಟ್ಟು ಮುಚ್ಚಳ ಹಾಕುತ್ತಿದ್ದರು. ಹಾಗೆ ಮುಚ್ಚಿದ ಮೇಲೆ ಅದು ಮರವಲ್ಲ, ದೇವರು.

ನಾನು ಆಗ ದುಬೈಯಲ್ಲಿದ್ದೆ. ಅಲ್ ಕೂಜ್‌ನ ಗೋದಾಮುಗಳ ಸಾಲಿನಲ್ಲಿ, ಗ್ಯಾರೇಜುಗಳ ನಡುವೆ, ಹಳೆಯ ಕಲಾವಸ್ತುಗಳನ್ನು ತರಿಸಿ, ದುರಸ್ತಿ ಮಾಡಿ, ಸಂಗ್ರಾಹಕರಿಗೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ನನ್ನದು ದಾಖಲೆ ವಿಭಾಗ. ವಿಭಾಗ ಎಂದರೆ ನಾನೊಬ್ಬಳೇ. ಒಳಗೆ ಬಂದ ಪ್ರತಿ ವಸ್ತುವನ್ನೂ ಅಳೆಯುವುದು, ಎಲ್ಲ ಮುಖಗಳಿಂದಲೂ ಫೋಟೋ ತೆಗೆಯುವುದು, ಎಲ್ಲಿ ಬಿರುಕು, ಎಲ್ಲಿ ತೇಪೆ ಎಂದು ವರದಿ ಬರೆಯುವುದು. ಅಬುಧಾಬಿಯ ದ್ವೀಪದಲ್ಲಿ ದೊಡ್ಡ ಮ್ಯೂಸಿಯಂ ಏಳುತ್ತಿದ್ದ ವರ್ಷಗಳು ಅವು. ಸುತ್ತಲಿನ ಶ್ರೀಮಂತರ ಮನೆಗಳಲ್ಲೂ ಒಂದೊಂದು ಕೋಣೆಯನ್ನು ಮ್ಯೂಸಿಯಂ ಮಾಡುವ ಹುರುಪು. ಈ ಬೋಧಿಸತ್ವ ಹೋಗಬೇಕಾಗಿದ್ದುದು ಅಬುಧಾಬಿಯ ಅಂಥ ಒಬ್ಬ ಸಂಗ್ರಾಹಕರ ಮನೆಗೆ. ಅರಸರು ಮಾಡಿಸಿದ ಕಲೆ ಎಂಬುದು ಅವರ ಕೋಣೆಯ ವಿಷಯ. ವಿಗ್ರಹ ಮಿಂಗ್ ಸಾಮ್ರಾಟರ ಅರಮನೆಯ ಕಾರ್ಯಾಗಾರದ್ದು ಎಂದು ಮಾರಿದವರು ಹೇಳಿದ್ದರು. ಹೇಳಿದ್ದರು, ಅಷ್ಟೇ. ಆಧಾರ ಇರಲಿಲ್ಲ.

ಆ ವರ್ಷ ನನಗೆ ಯಾವುದೂ ತಾಗುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ತುಟಿ ಹೇಗಿರುತ್ತದೋ ಹಾಗೆ. ತುಟಿ ಇದೆ ಎಂದು ಗೊತ್ತು, ಕಚ್ಚಿದರೆ ಗೊತ್ತಾಗುವುದಿಲ್ಲ. ಕಾರಣ ಇತ್ತು. ಅದು ಇಲ್ಲಿ ಬರೆಯುವಂಥದ್ದಲ್ಲ. ಆದರೆ ಅಳತೆಯ ಕೆಲಸಕ್ಕೆ ಆ ಸ್ಥಿತಿ ಒಳ್ಳೆಯದೇ ಆಗಿತ್ತು. ನಾನು ತಪ್ಪು ಮಾಡುತ್ತಿರಲಿಲ್ಲ. ಮಾಡುವುದಿಲ್ಲ ಎಂದುಕೊಂಡಿದ್ದೆ.

ಗೋದಾಮಿನ ಹಿಂಭಾಗದಲ್ಲಿ ದುರಸ್ತಿಯ ಶೆಡ್ಡು. ಅಲ್ಲಿ ಇದ್ದವರು ಆಚಾರ್ರು. ಕಾರ್ಕಳದ ಕಡೆಯವರು, ಮರದ ಕೆತ್ತನೆಯ ಮನೆತನ. ಅವರ ಅಪ್ಪ ಹಲಸಿನ ಮರದಲ್ಲಿ ದೈವಗಳ ಮೂರ್ತಿ ಮಾಡುತ್ತಿದ್ದರಂತೆ. ಇವರು ಇಪ್ಪತ್ತೆಂಟು ವರ್ಷದ ಕೆಳಗೆ ಕಾರ್ಪೆಂಟರ್ ವೀಸಾದಲ್ಲಿ ಬಂದವರು. ಇಪ್ಪತ್ತೈದು ವರ್ಷ ಅಡುಗೆಮನೆಯ ಕಪಾಟು, ಬಾಗಿಲು, ಹೋಟೆಲಿನ ಮಂಚ. ಈ ಕಂಪನಿಗೆ ಬಂದ ಮೇಲೆಯೇ ಮತ್ತೆ ಮೂರ್ತಿಗೆ ಉಳಿ ಮುಟ್ಟಿಸಿದ್ದು. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಬೇರೆಯವರ ಎದುರು ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು, ಶೆಡ್ಡಿನಲ್ಲಿ ಮಗಾ.

ಅವರಿಗೆ ಆ ಡಿಸೆಂಬರಿಗೆ ಅರವತ್ತು ತುಂಬುತ್ತಿತ್ತು. ಅರವತ್ತು ದಾಟಿದ ಕೆಲಸಗಾರನ ವೀಸಾ ಮುಂದುವರಿಯಬೇಕಾದರೆ ಇವರು ನಮಗೆ ಬೇಕು ಅಂತ ಕಂಪನಿಯೇ ಬರೆದು ಕೊಡಬೇಕು. ಮ್ಯಾನೇಜರ್ ಕೊಡುತ್ತೇನೆ ಅಂದಿದ್ದರು. ಪತ್ರ ಟೈಪ್ ಆಗಿ ಅವರ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ.

“ಊರಿಗೆ ಹೋಗಿ ಎಂತ ಮಾಡುದು ಮಗಾ?” ಅಂದಿದ್ದರು ಒಮ್ಮೆ. “ತಮ್ಮನಿಗೆ ಈಗ ಮೆಷಿನ್ ಉಂಟು. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಅದೇ ಕೆತ್ತುತ್ತದೆ, ಗಣಪತಿ ಬೇಕಾ, ಗೂಳಿ ಬೇಕಾ. ನಾನು ಹೋಗಿ ಅದರ ಹುಡಿ ಗುಡಿಸುದಾ? ಇಲ್ಲಿ ನನ್ನ ಕೈಗೆ ಕೆಲಸ ಉಂಟು. ಎರಡು ವರ್ಷ ಸಿಕ್ಕಿದರೆ ಸಾಕು.”

ಬೋಧಿಸತ್ವನನ್ನು ಪೆಟ್ಟಿಗೆಯಿಂದ ಎತ್ತಿದ ದಿನ ಅವರು ಚಪ್ಪಲಿ ಬಿಟ್ಟು ಬಂದು ಸುತ್ತ ಒಂದು ಸಲ ನಡೆದರು. ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿದರು.

“ಹಗುರ ಮರ. ನಮ್ಮ ಹಾಲೆ ಮರದ ಹಾಗೆ. ಹುಳಕ್ಕೆ ಪಾಯಸ.”

“ಪಾಪ್ಲರ್ ಅಂತ ಕಾಗದದಲ್ಲಿ ಉಂಟು,” ಅಂದೆ.

“ಕಾಗದದಲ್ಲಿ ಹೆಸರು ಯಾರ್ದು ಅಂತ ಉಂಟು?”

“ಅವಲೋಕಿತೇಶ್ವರ. ಚೀನಾದಲ್ಲಿ ಗುವಾನ್‌ಯಿನ್ ಅಂತಾರೆ.”

“ಹಾಗಾದರೆ ನಮ್ಮ ಕದ್ರಿ ದೇವಸ್ಥಾನದ ಲೋಕೇಶ್ವರನ ತಮ್ಮ!” ಅಂದು ನಕ್ಕರು. “ಅಣ್ಣ ಕಂಚು, ತಮ್ಮ ಮರ. ಆಸ್ತಿ ಪಾಲಾಗುವಾಗ ಯಾವಾಗಲೂ ಹೀಗೇ.”

ಮೂರು ವಾರ ಅವರು ಅದರ ಮೇಲೆ ಕೆಲಸ ಮಾಡಿದರು. ಸಡಿಲವಾಗಿದ್ದ ಎಡ ಮೊಣಕೈಯ ಕೀಲನ್ನು ಬಿಗಿ ಮಾಡಿದರು, ಎದ್ದಿದ್ದ ಬಣ್ಣವನ್ನು ಅಂಟಿನಿಂದ ಒತ್ತಿ ಕೂರಿಸಿದರು. ಹೊಸ ಮರ ಎಲ್ಲೂ ಹಾಕಲಿಲ್ಲ. ಪ್ರತಿ ಹಂತದಲ್ಲೂ ನನ್ನನ್ನು ಕರೆದು, ನಾನು ಫೋಟೋ ತೆಗೆದ ಮೇಲೆಯೇ ಮುಂದುವರಿಯುತ್ತಿದ್ದರು. ಈ ಕ್ರಮ ಅವರಿಗೆ ಕಲಿಸಿದ್ದು ನಾನೇ. ಮೊದಲು ನೋಡುವುದು, ಆಮೇಲೆ ಮುಟ್ಟುವುದು.

ಮುಚ್ಚಳ ಬಿಟ್ಟುಕೊಂಡದ್ದು ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆಗೆ. ಮೂರು ಮೊಳೆಗಳ ಜೊತೆ ಹಳೆಯ ಅರಗೂ ಬಿಗಿಹಿಡಿದಿದ್ದ ಅದು ಬಿಸಿಗೋ ಏನೋ ತಾನಾಗಿ ಸಡಿಲವಾಗಿತ್ತು. ಆಚಾರ್ರು ಶೆಡ್ಡಿನಿಂದ ಕೂಗಿದರು: “ಮಗಾ, ಬೆನ್ನು ಬಿಟ್ಟಿತು. ಬಂದು ನೋಡಿ.”

“ಬರ್ತೇನೆ,” ಅಂದೆ. ಹೋಗಲಿಲ್ಲ. ಸಂಗ್ರಾಹಕರ ಕೋಣೆಗೆಂದು ಒಂದು ಪುಸ್ತಿಕೆ ಆಗುತ್ತಿತ್ತು, ಅದಕ್ಕೆ ಲೇಖನ ಆ ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಮಿಂಗ್ ಸಾಮ್ರಾಟರು ವಿಹಾರಗಳಿಗೆ ವಿಗ್ರಹ ಮಾಡಿಸಿ ಕಳುಹಿಸುತ್ತಿದ್ದ ಬಗ್ಗೆ, ರಾಜಧಾನಿಯ ಕಾರ್ಯಾಗಾರಗಳ ಬಗ್ಗೆ. ‘ಇವನ್ನು ಕೆತ್ತಿದವರ ಹೆಸರುಗಳು ಹೆಚ್ಚಾಗಿ ನಮಗೆ ಉಳಿದುಬಂದಿಲ್ಲ’ ಎಂಬ ವಾಕ್ಯದಲ್ಲಿದ್ದೆ. ಹೆಚ್ಚಾಗಿ ಎಂಬ ಪದ ಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವರೇ ಬಾಗಿಲಿಗೆ ಬಂದರು.

“ಒಳಗೆ ಏನೂ ಇಲ್ಲ. ಮೊದಲೇ ಯಾರೋ ಬಾಚಿಕೊಂಡು ಹೋಗಿದ್ದಾರೆ. ಹುಳದ ಹುಡಿ ಮಾತ್ರ ಉಂಟು, ಹೊಗೆ ಹಿಡಿದ ಹಾಗೆ ಕಪ್ಪು ಉಂಟು. ಉಜ್ಜಿ, ಎಣ್ಣೆ ಕೊಡ್ಲಾ? ಇಲ್ಲದಿದ್ದರೆ ಹುಳ ಮೇಲೆ ಬರ್ತದೆ, ಮುಖಕ್ಕೆ.”

“ಆಯ್ತು, ಕೊಡಿ,” ಅಂದೆ. ತಲೆ ಎತ್ತಲಿಲ್ಲ.

ಅವರು ಕೇಳಿದ್ದು ಯಾವ ಎಣ್ಣೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಆಮೇಲೆ ಒಂದೆರಡು ದಿನ ನನಗೇ ಹೇಳಿಕೊಂಡೆ, ಆದ್ದರಿಂದ ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ನಮ್ಮ ಕರಾವಳಿಯಲ್ಲಿ ಮರಕ್ಕೆ ಎಣ್ಣೆ ಕೊಡುವುದು ಎಂದರೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು, ಗಟ್ಟಿ, ಕೈಗೆ ತಾಗಿದರೆ ಬೊಕ್ಕೆ ಏಳುವ ಎಣ್ಣೆ. ದೋಣಿಗೆ, ಹೆಂಚಿನ ಮಾಡಿನ ಪಕ್ಕಾಸಿಗೆ, ಬಾಗಿಲ ಚೌಕಟ್ಟಿನ ಬುಡಕ್ಕೆ ಅದನ್ನೇ ಬಳಿಯುವುದು. ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮರ ಮಾತ್ರ ಶಾಶ್ವತವಾಗಿ ಕಪ್ಪಾಗುತ್ತದೆ. ಆಚಾರ್ರು ಪ್ರತಿ ಸಲ ಊರಿಗೆ ಹೋದಾಗಲೂ ಒಂದು ಬಾಟಲಿಯನ್ನು ಲುಂಗಿಯಲ್ಲಿ ಸುತ್ತಿ ತರುತ್ತಿದ್ದರು. ಅದು ಅವರ ಉಳಿಗಳ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಬೇರೆ ಊರಿನ ದುರಸ್ತಿಗಾರನಾಗಿದ್ದರೆ ಇದನ್ನು ಮಾಡುತ್ತಿರಲಿಲ್ಲ. ಬೇರೆ ಊರಿನ ದಾಖಲೆಗಾರ್ತಿಯಾಗಿದ್ದರೆ ಯಾವ ಎಣ್ಣೆ ಎಂದು ಕೇಳುತ್ತಿದ್ದಳು. ನಮ್ಮಿಬ್ಬರಿಗೂ ಅದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ.

ಮಧ್ಯಾಹ್ನ ನಾನು ಶೆಡ್ಡಿಗೆ ಹೋದಾಗ ಮುಚ್ಚಳ ಮತ್ತೆ ಅದರ ಜಾಗದಲ್ಲಿತ್ತು. ಇಲ್ಲದಿದ್ದ ನಾಲ್ಕನೆಯ ಮೊಳೆಯನ್ನೂ ಬಿದಿರಿನಿಂದ ಮಾಡಿ ಹಾಕಿದ್ದರು. ನಾನು ಹೊರಗಿನಿಂದ ಒಂದು ಫೋಟೋ ತೆಗೆದು ಬಂದೆ.

ಹತ್ತು ದಿನದ ಮೇಲೆ ವಿಗ್ರಹವನ್ನು ಅಬುಧಾಬಿಗೆ ಕೊಂಡೊಯ್ದೆವು. ಸಂಗ್ರಾಹಕರು ನೇಮಿಸಿದ ಪರಿಣತೆಯೊಬ್ಬರು ಅದನ್ನು ನೋಡಿ ಒಪ್ಪಬೇಕಿತ್ತು. ವ್ಯಾನಿನಲ್ಲಿ ಮಲಯಾಳಿ ಡ್ರೈವರ್, ಪಕ್ಕದಲ್ಲಿ ಆಚಾರ್ರು, ಹಿಂದಿನ ಸೀಟಿನಲ್ಲಿ ನಾನು, ನನ್ನ ಬೆನ್ನಿಗೆ ಪೆಟ್ಟಿಗೆಯೊಳಗೆ ಬೋಧಿಸತ್ವ. ಆಚಾರ್ರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರು ಅವತ್ತಿನಷ್ಟು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

“ಈ ಚೀನಾದ ರಾಜನಿಗೆ ಆಚಾರಿಗಳು ಎಲ್ಲಿಂದ ಸಿಗ್ತಿದ್ದರು?” ಎಂದು ಕೇಳಿದರು.

“ಕಸುಬಿನ ಮನೆತನಗಳ ಪಟ್ಟಿ ಇತ್ತಂತೆ. ಅಪ್ಪ ಬಡಗಿಯಾದರೆ ಮಗನೂ ಬಡಗಿ. ಬೇರೆ ಕಸುಬು ಹಿಡಿಯುವ ಹಾಗಿಲ್ಲ. ಕೆಲವು ವರ್ಷಕ್ಕೊಮ್ಮೆ ಸರದಿಯಲ್ಲಿ ರಾಜಧಾನಿಗೆ ಹೋಗಿ ಕೆಲಸ ಮಾಡಿ ಬರಬೇಕು.”

“ಹೋಗುದಿಲ್ಲ ಅಂದರೆ?”

“ಹಿಡಿದು ತರ್ತಿದ್ದರು.”

“ಊಟ ಯಾರ್ದು?”

“ಕೆಲವರಿಗೆ ಅರಮನೆಯಿಂದ. ಸರದಿಯವರು ದಾರಿಖರ್ಚು ತಾವೇ ನೋಡಿಕೊಳ್ಳಬೇಕಿತ್ತಂತೆ.”

ಆಚಾರ್ರು ಡ್ರೈವರಿನ ತೊಡೆಗೆ ತಟ್ಟಿ ಹಿಂದಿಯಲ್ಲಿ ಹೇಳಿದರು: “ಕೇಳಿದೆಯಾ? ಐನೂರು ವರ್ಷದ ಹಿಂದೆ ಚೀನಾದಲ್ಲೂ ಅರ್ಬಾಬ್ ಇದ್ದನಂತೆ, ಇಲ್ಲಿಯ ಧಣಿಗಳ ಹಾಗೆ. ಟಿಕೆಟ್ ಮಾತ್ರ ನಮ್ಮದೇ!”

“ಪಾಸ್‌ಪೋರ್ಟ್ ಯಾರ ಹತ್ತಿರ ಇರ್ತಿತ್ತು, ಅದು ಕೇಳಿ,” ಅಂದ ಡ್ರೈವರ್. ಇಬ್ಬರೂ ತುಂಬ ಹೊತ್ತು ನಕ್ಕರು. ನಾನೂ ನಕ್ಕೆ ಎಂದು ನೆನಪು.

ಆಮೇಲೆ ಆಚಾರ್ರು ಹಿಂದೆ ತಿರುಗದೆ ಹೇಳಿದರು: “ಕೆಲಸ ಒಳ್ಳೆಯವನದ್ದೇ. ಬೆನ್ನಿನ ಒಳಗೆ ಕೂಡ ಉಳಿಯ ಗುರುತು ಒಂದೇ ಸಮ ಉಂಟು. ಯಾರೂ ನೋಡದ ಜಾಗ. ಅಲ್ಲಿ ಕೈ ಗೊತ್ತಾಗುದು.”

ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಚಹಾಕ್ಕೆ ನಿಲ್ಲಿಸಿ, ಹನ್ನೊಂದಕ್ಕೆ ಸಂಗ್ರಾಹಕರ ಮನೆ ಮುಟ್ಟಿದೆವು. ಉದ್ದನೆಯ, ತಣ್ಣಗಿನ, ಕಿಟಕಿ ಇಲ್ಲದ ಕೋಣೆ. ಪರಿಣತೆ ಐವತ್ತು ದಾಟಿದ ಚೀನೀ ಹೆಂಗಸು, ಮೆದು ದನಿಯವರು. ಕೈಗವಸು ಹಾಕಿಕೊಂಡು ಮುಖವನ್ನು ನೋಡಿದರು, ಕೈಯನ್ನು ನೋಡಿದರು, ಮೊಣಕೈಯ ಕೀಲನ್ನು ನೋಡಿ ‘ತುಂಬ ಚೆನ್ನಾಗಿ ಮಾಡಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನು ಆಚಾರ್ರಿಗೆ ಹೇಳಿದೆ. ಅವರು ಕೈಕಟ್ಟಿ ತಲೆ ತಗ್ಗಿಸಿದರು. ಆಮೇಲೆ ಪರಿಣತೆ ವಿಗ್ರಹವನ್ನು ತಿರುಗಿಸಿ, ಮೊಳೆಗಳನ್ನು ಒಂದೊಂದಾಗಿ ಬಿಡಿಸಿ, ಮುಚ್ಚಳ ತೆಗೆದರು. ವಾಸನೆ ನನ್ನವರೆಗೆ ಬಂತು. ನಮ್ಮೂರ ಬಂದರಿನ ವಾಸನೆ.

ಪರಿಣತೆ ಒಂದು ಸಣ್ಣ ಟಾರ್ಚ್ ತೆಗೆದು ಗೂಡಿನೊಳಗೆ ಬೆಳಕು ಬಿಟ್ಟರು. ಒಳಗೆ ಎಲ್ಲ ಕಪ್ಪು, ಮೆರುಗು ಕೊಟ್ಟ ಹಾಗೆ. ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಮೇಲಿನ ಅಂಚಿನಲ್ಲಿ, ಎಣ್ಣೆಯ ಕುಂಚ ತಲುಪದ ಒಂದು ಮೂಲೆಯನ್ನು ತೋರಿಸಿದರು. ಅಲ್ಲಿ ಒಂದೂವರೆ ಅಕ್ಷರ ಉಳಿದಿತ್ತು, ಶಾಯಿಯಲ್ಲಿ ಬರೆದದ್ದು.

“ಸಾಮ್ರಾಟರ ಆಜ್ಞೆಯಿಂದ,” ಎಂದರು. “ಈ ಅಕ್ಷರಕ್ಕೆ ಆ ಅರ್ಥ. ಇಂಥ ಬರಹ ಹೀಗೆ ಶುರುವಾಗುತ್ತದೆ. ಕೆಳಗೆ ಯಾವ ವರ್ಷ, ಯಾವ ವಿಹಾರಕ್ಕೆ ಎಂದು ಇರುತ್ತದೆ. ಅಪರೂಪಕ್ಕೆ ಕೊನೆಯಲ್ಲಿ ಕೆತ್ತಿದವರ ಹೆಸರೂ ಇರುತ್ತದೆ. ಇಲ್ಲಿ ಮೂರು ಸಾಲಿಗಾಗುವಷ್ಟು ಜಾಗ ಇದೆ.”

“ಎಣ್ಣೆಯ ಕೆಳಗೆ ಓದಲಿಕ್ಕೆ ಆಗುವುದಿಲ್ಲವೇ?” ಎಂದು ಕೇಳಿದೆ. ಅಂಥ ಕ್ಯಾಮೆರಾಗಳಿವೆ ಎಂದು ನನಗೆ ಗೊತ್ತಿತ್ತು.

“ಎಣ್ಣೆ ಮಾತ್ರ ಆಗಿದ್ದರೆ ಪ್ರಯತ್ನಿಸಬಹುದಿತ್ತು. ಆದರೆ ಮೊದಲು ಉಜ್ಜಿದ್ದಾರೆ. ಮರಳು ಕಾಗದದ ಗೀರು ನೋಡಿ. ಶಾಯಿಯೇ ಹೋಗಿದೆ.” ಮತ್ತೆ ಕೇಳಿದರು: “ಉಜ್ಜುವ ಮೊದಲಿನ ಫೋಟೋ ನಿಮ್ಮಲ್ಲಿ ಇದೆಯಲ್ಲ?”

“ಇಲ್ಲ,” ಅಂದೆ.

ಆಚಾರ್ರು ನನ್ನ ಮೊಣಕೈಯ ಹತ್ತಿರ ಬಂದು ನಿಂತಿದ್ದರು. “ಎಂತ ಹೇಳಿದ್ದು ಅವರು?”

“ಒಳಗೆ ಬರಹ ಇತ್ತಂತೆ.”

“ಎಂತ ಬರಹ?”

“ರಾಜ ಮಾಡಿಸಿದ್ದು ಅಂತ. ಅದರ ಒಂದಕ್ಷರ ಉಳಿದಿದೆ. ಅಳಿಸಿಹೋದದ್ದರಲ್ಲಿ ಕೆತ್ತಿದವರ ಹೆಸರು ಇತ್ತೋ ಏನೋ.”

ಅವರು ಗೂಡಿನೊಳಗೆ ನೋಡಿದರು. ನಾನು ಬೆರಳು ತೋರಿಸಿದ ಆ ಒಂದೂವರೆ ಅಕ್ಷರವನ್ನು ನೋಡಿದರು.

“ದೀಪದ ಹೊಗೆ ಅಂತ ಎಣಿಸಿದೆ,” ಅಂದರು. “ಕೆಳಗಿನವರೆಗೂ ಇತ್ತು.”

ವಾಪಸು ಎರಡು ಗಂಟೆಯ ದಾರಿ. ಡ್ರೈವರ್ ರೇಡಿಯೋ ಹಾಕಿ, ಅರ್ಧ ನಿಮಿಷದಲ್ಲಿ ತಾನೇ ಆರಿಸಿದ. ನಾನು ಕಿಟಕಿಯಿಂದ ಲೈಟುಕಂಬಗಳನ್ನು ನೋಡುತ್ತಿದ್ದೆ. ಏನಾದರೂ ಆಗಬೇಕಿತ್ತು ನನಗೆ. ಆಗಲಿಲ್ಲ. ಬುಧವಾರ ಹತ್ತೂವರೆಗೆ ನನ್ನ ಕುರ್ಚಿಯಿಂದ ಶೆಡ್ಡಿಗೆ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕಿದೆ. ನಲವತ್ತು ಇರಬಹುದು.

ಮರುದಿನ ಮೂರು ಗಂಟೆಗೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ಅವರು ಮಂಗಳೂರಿನ ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಸಿಟ್ಟಿನ ಮನುಷ್ಯ ಅಲ್ಲ. ಕ್ರಿಸ್ಮಸ್ಸಿಗೆ ಎಲ್ಲರಿಗೂ ಕುಸ್ವಾರಿನ ಸಿಹಿತಿಂಡಿಯ ಡಬ್ಬ ತರುವವರು. ಅವತ್ತು ಆಚಾರ್ರಿಗೆ ಕೂರಲು ಹೇಳಲಿಲ್ಲ. ಅವರು ಕೂರದ್ದರಿಂದ ನಾನೂ ಕೂರಲಿಲ್ಲ.

“ಅಲ್ಲ ಮಾರಾಯ್ರೆ, ಅದು ಎಂತ, ನಿಮ್ಮ ಮನೆಯ ಮೀನಿನ ದೋಣಿಯಾ ಗೇರೆಣ್ಣೆ ಬಳಿಲಿಕ್ಕೆ?”

ಆಚಾರ್ರು ತಮ್ಮ ಬೆರಳುಗಳನ್ನು ನೋಡಿಕೊಂಡರು.

“ಅರಮನೆಯದ್ದು ಅಂತ ಹೇಳ್ಲಿಕ್ಕೆ ಒಂದು ಕುರುಹು ಬೇಕು ಅಂತ ಆರು ತಿಂಗಳಿಂದ ಹುಡುಕ್ತಾ ಇದ್ದೇವೆ. ಅದು ಒಳಗೇ ಇತ್ತು. ನೀವು ಅದನ್ನು ಮರಳು ಕಾಗದ ಹಾಕಿ ಉಜ್ಜಿದ್ದೀರಿ. ಯಾರ ಹತ್ರ ಕೇಳಿ ಮಾಡಿದ್ದು?”

ಅವರ ಮೇಜಿನ ಮೇಲೆ ವೀಸಾದ ಪತ್ರ ಇತ್ತು. ಸಹಿಯ ಜಾಗದಲ್ಲಿ ಪೆನ್ಸಿಲಿನ ಒಂದು ಸಣ್ಣ ಗುಣಾಕಾರದ ಗುರುತು. ನಾನು ಅದನ್ನೇ ನೋಡುತ್ತಿದ್ದೆ. ಆಚಾರ್ರೂ ಅದನ್ನು ನೋಡಿರಬೇಕು.

“ಯಾರ ಹತ್ರವೂ ಕೇಳ್ಲಿಲ್ಲ,” ಅಂದರು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಅಲ್ಲಿ ಒಂದು ಗಳಿಗೆ ಇತ್ತು. ಅದರ ಉದ್ದ ಎಷ್ಟು ಎಂದು ನನಗೆ ಈಗಲೂ ಹೇಳಲಾಗುವುದಿಲ್ಲ. ನಾನು ಬಾಯಿ ತೆರೆಯಲಿಲ್ಲ. ಹೆದರಿಕೆಯಿಂದ ಎಂದರೆ ಸ್ವಲ್ಪ ಗೌರವದ ಕಾರಣವಾದೀತು. ಹೆದರಿಕೆಯೂ ಇರಲಿಲ್ಲ. ಬೇರೆ ಯಾರದ್ದೋ ಮಾತುಕತೆಯನ್ನು ಗಾಜಿನ ಆಚೆಯಿಂದ ನೋಡುತ್ತಿದ್ದ ಹಾಗೆ ಇತ್ತು.

ಮ್ಯಾನೇಜರ್ ಪತ್ರವನ್ನು ಎತ್ತಿ ಡ್ರಾಯರಿನಲ್ಲಿ ಹಾಕಿದರು. “ಹಾಗಾದರೆ ಖಲಾಸ್, ಆಚಾರ್ರೆ. ನಾನು ಎಂತ ಮಾಡ್ಲಿ? ಸಂಗ್ರಾಹಕರಿಗೆ ಒಂದು ಉತ್ತರ ಬೇಕು. ನಮ್ಮ ಕ್ರಮ ಸರಿ ಉಂಟು, ಒಬ್ಬರು ಕೇಳದೆ ಮಾಡಿದರು, ಅವರು ಈಗ ಇಲ್ಲ. ಅಷ್ಟು ಹೇಳಿದರೆ ಸಂಗ್ರಾಹಕರು ನಮ್ಮ ಜೊತೆ ಮುಂದುವರಿತಾರೆ. ಇಲ್ಲದಿದ್ದರೆ ಎಲ್ಲರಿಗೂ ಕಷ್ಟ.” ನನಗೆ ಹೇಳಿದರು: “ವರದಿ ನಾಳೆ ಒಂಬತ್ತಕ್ಕೆ ನನ್ನ ಟೇಬಲ್ ಮೇಲೆ ಇರಲಿ. ಅನುಮತಿ ಕೊಟ್ಟವರು ಅಂತ ಒಂದು ಕಾಲಂ ಉಂಟಲ್ಲ, ಅದು ಖಾಲಿ ಬಿಡು.”

ನಾವು ಹೊರಗೆ ಬಂದೆವು. ಆಚಾರ್ರು ಶೆಡ್ಡಿಗೆ ಹೋಗಿ ಉಳಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಇಡತೊಡಗಿದರು. ನಾನು ಬಾಗಿಲಲ್ಲಿ ನಿಂತೆ.

“ಕೇಳಿದ್ರಿ ನೀವು. ನನ್ನ ಹತ್ರ ಕೇಳಿದ್ರಿ. ಯಾಕೆ ಹಾಗೆ ಹೇಳಿದ್ದು?”

“ಕೇಳಿದೆನಾ?”

“ಉಜ್ಜಿ ಎಣ್ಣೆ ಕೊಡ್ಲಾ ಅಂತ ಕೇಳಿದ್ರಿ. ನಾನು ಆಯ್ತು ಅಂದೆ.”

“ನೆನಪುಂಟಲ್ಲ ನಿಮಗೆ,” ಅಂದರು. ಆಗ ಮೊದಲ ಸಲ ಅವರ ದನಿ ಏರಿತು. “ನೆನಪುಂಟಾದರೆ ಅಲ್ಲಿ ಹೇಳ್ಬೇಕಿತ್ತು, ಮೇಡಂ. ನಾನು ಯಾಕೆ ಹೇಳ್ಬೇಕು? ಆರನೇ ಕ್ಲಾಸು ಕಲಿತವ ನಾನು. ನೀವು ಓದಿದವರು ಆಯ್ತು ಅಂದರೆ ನೋಡಿಯೇ ಆಯ್ತು ಅಂತೀರಿ ಅಂತ ಎಣಿಸಿದೆ. ಅದೊಂದೇ ನನ್ನ ತಪ್ಪು.”

ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಆದರೂ ಮೇಡಂ ಅಂದಿದ್ದರು.

ಅವರು ಒಂದು ಉಳಿಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು. ಆಮೇಲೆ, ನನಗಲ್ಲ ಎಂಬಂತೆ, ಹೇಳಿದರು: “ನನ್ನ ಅಪ್ಪನೂ ಮೂರ್ತಿಯ ಬುಡದಲ್ಲಿ ಹೆಸರು ಬರೆಯುತ್ತಿದ್ದರು. ಮಣ್ಣಿಗೆ ತಾಗುವ ಕಡೆ. ಯಾರಿಗೂ ಕಾಣ್ಲಿಕ್ಕಿಲ್ಲ, ಯಾಕೆ ಬರೆಯುದು ಅಂತ ಕೇಳಿದರೆ ಬೈಯುತ್ತಿದ್ದರು.”

ನಾನು ಐದೂವರೆಯ ಬಸ್ಸಿಗೆ ಮನೆಗೆ ಹೋದೆ. ನನ್ನ ಕೋಣೆ ಇಂಟರ್‌ನ್ಯಾಷನಲ್ ಸಿಟಿಯ ಚೈನಾ ಕ್ಲಸ್ಟರಿನಲ್ಲಿ, ಇಬ್ಬರು ನರ್ಸುಗಳ ಜೊತೆ. ಬಸ್ ನಿಲ್ದಾಣದ ಹತ್ತಿರದ ಚೀನೀ ಅಂಗಡಿಯ ಗಾಜಿನ ಹಿಂದೆ ಅಚ್ಚಿನಲ್ಲಿ ಎರಕ ಹೊಯ್ದ ಬೋಧಿಸತ್ವರು ಸಾಲಾಗಿ ಕೂತಿದ್ದರು, ಎಲ್ಲರೂ ಬಲ ಮೊಣಕಾಲು ಎತ್ತಿ, ಒಂದೇ ನಗು. ದಿನಾ ಕಾಣುವಂಥದ್ದೇ. ನಿಂತು ನೋಡಲಿಲ್ಲ. ಮನೆಯಲ್ಲಿ ಅನ್ನ ಇಟ್ಟೆ. ನರ್ಸುಗಳಲ್ಲಿ ಒಬ್ಬಳು ಊರಿಗೆ ಫೋನು ಮಾಡಿ ಯಾರದ್ದೋ ಮದುವೆಗೆ ಯಾವ ಸೀರೆ ಎಂದು ಚರ್ಚಿಸುತ್ತಿದ್ದಳು. ನಾನು ಲ್ಯಾಪ್‌ಟಾಪ್ ತೆರೆದು ವರದಿಯನ್ನು ಬರೆದೆ. ಎಲ್ಲ ಅಂಕಣ ತುಂಬಿಸಿದೆ. ಮರಳು ಕಾಗದದ ಗೀರು ಯಾವ ದಿಕ್ಕಿಗೆ, ಎಣ್ಣೆಯ ಪದರ ಎಷ್ಟು ದಪ್ಪ, ಉಳಿದ ಶಾಯಿಯ ಉದ್ದ ಎಷ್ಟು ಮಿಲಿಮೀಟರ್. ‘ಅನುಮತಿ ಕೊಟ್ಟವರು’ ಎಂಬುದನ್ನು ಖಾಲಿ ಬಿಟ್ಟೆ. ಮಲಗಿದೆ. ನಿದ್ದೆಯೂ ಬಂತು.

ಮುಂದೆ ಏನಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಅದರಲ್ಲಿ ಕುತೂಹಲಕ್ಕೆ ಏನೂ ಇಲ್ಲ. ಆಚಾರ್ರ ಪತ್ರಕ್ಕೆ ಸಹಿಯಾಯಿತು, ಎರಡು ವರ್ಷಕ್ಕಲ್ಲ, ಒಂದಕ್ಕೆ. ಆದರೆ ವಿಗ್ರಹಗಳನ್ನು ಅವರಿಗೆ ಮತ್ತೆ ಕೊಡಲಿಲ್ಲ. ಸಾಮಾನು ಕಳುಹಿಸುವ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕಡೆ ಹಾಕಿದರು. ವರ್ಷ ಮುಗಿದ ಮೇಲೆ ಊರಿಗೆ ಹೋದರು. ನನ್ನ ಒಪ್ಪಂದ ಮಾರ್ಚಿಗೆ ಮುಗಿಯಿತು, ಮುಂದುವರಿಸಲಿಲ್ಲ. ಸಂಗ್ರಾಹಕರು ವಿಗ್ರಹವನ್ನು ಇಟ್ಟುಕೊಂಡರು. ಅದರ ಫಲಕದಲ್ಲಿ ‘ಅರಮನೆಯ ಕಾರ್ಯಾಗಾರದ್ದು ಇರಬಹುದು’ ಎಂದು ಬರೆಸಿದರು. ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಇದ್ದ ಆ ಕೊನೆಯ ತಿಂಗಳುಗಳಲ್ಲಿ ಆಚಾರ್ರು ನನ್ನೊಡನೆ ಮಾತಾಡುತ್ತಿದ್ದರು, ಹವೆಯ ಬಗ್ಗೆ, ಬಸ್ಸಿನ ಬಗ್ಗೆ. ಮಗಾ ಎಂದು ಮತ್ತೆ ಕರೆಯಲಿಲ್ಲ.

ವರದಿ ಬರೆದು ಮಲಗಿದ ಆ ರಾತ್ರಿ ಕಳೆದು, ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದೆ. ಮೊದಲ ಬಸ್ಸು ಹಿಡಿದು ಏಳಕ್ಕೆ ಮೊದಲೇ ಗೋದಾಮು ಮುಟ್ಟಿದೆ. ಕಾವಲುಗಾರ ಬಾಗಿಲು ತೆರೆದು, ಇಷ್ಟು ಬೇಗ ಯಾಕೆ ಎಂದು ಕೇಳಿದ. ಕೆಲಸ ಇದೆ ಅಂದೆ. ಕಂಪ್ಯೂಟರ್ ಹಾಕಿ ವರದಿ ತೆರೆದು, ಖಾಲಿ ಅಂಕಣದಲ್ಲಿ ನನ್ನ ಹೆಸರು ಬರೆದೆ. ಕೆಳಗೆ ಎರಡು ವಾಕ್ಯ ಸೇರಿಸಿದೆ: ಕೆಲಸ ಮಾಡಿದವರು ಮೊದಲೇ ಕೇಳಿದ್ದರು, ನಾನು ಒಳಗೆ ನೋಡದೆ ಒಪ್ಪಿಗೆ ಕೊಟ್ಟೆ. ಅದನ್ನು ಮ್ಯಾನೇಜರಿಗೂ ಅಬುಧಾಬಿಯ ಪರಿಣತೆಗೂ ಒಟ್ಟಿಗೆ ಕಳುಹಿಸಿದೆ, ಒಬ್ಬರಿಗೆ ಮಾತ್ರ ಕಳುಹಿಸಿದರೆ ಬದಲಾಗಬಹುದೆಂದು. ಒಂದು ಪ್ರತಿ ಮುದ್ರಿಸಿ, ಸಹಿ ಮಾಡಿ, ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಒಂಬತ್ತಕ್ಕೆ ಇನ್ನೂ ಎರಡು ಗಂಟೆ ಇತ್ತು. ಅವರ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು ಕಾದೆ.